ಸೀತು ತಮ್ಮನನ್ನು ಬಿಡಿಸಿಕೊಂಡು ಬಂದದ್ದು

ಸೀತುವಿನ ದನಿ ಕೇಳದೆ ಕುಂದಾಪುರದ ಮೀನುಪೇಟೆಗೆ ಬೆಳಗಾಗುವುದಿಲ್ಲ ಎಂದು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು. ತಲೆಯ ಮೇಲಿನ ಬುಟ್ಟಿ ಇಳಿಯುವ ಮೊದಲೇ ಅವಳ ಮಾತು ಇಳಿದಿರುತ್ತಿತ್ತು. ಯಾರಾದರೂ ಬಂಗುಡೆಯನ್ನು ಎತ್ತಿ ಎತ್ತಿ ನೋಡಿದರೆ, "ಹ್ವಾಯ್, ಅದೆಂತ ಮದಿಗ್ ಕಾಂಬು ಹೆಣ್ಣಾ, ಅಷ್ಟ್ ಹೊತ್ ಮುಖ ಕಾಂಬುಕೆ? ತಕಂಬುದಾರೆ ತಕಣಿ, ಇಲ್ದಿರೆ ಅದ್ರ್ ಪಾಡಿಗ್ ಅದ್ ಮಲ್ಕಣ್ಲಿ" ಎಂದುಬಿಡುತ್ತಿದ್ದಳು. ಗಿರಾಕಿ ನಕ್ಕು ಕೊಂಡುಕೊಳ್ಳುತ್ತಿದ್ದ. ಪೊಲೀಸು, ಪಟೇಲ, ಅಂಗಡಿಯ ಧಣಿ, ಯಾರೇ ಇರಲಿ, ಸೀತುವಿನ ಲೆಕ್ಕದಲ್ಲಿ ಲೋಕದಲ್ಲಿ ಇದ್ದದ್ದು ಎರಡೇ ಜಾತಿ: ಮೀನು ತಿನ್ನುವವರು, ತಿನ್ನದವರು. ಇಂಥವಳ ಬಾಯಿ ಬದುಕಿನಲ್ಲಿ ಒಂದೇ ಒಂದು ಸಲ ಮೆತ್ತಗಾಯಿತು. ಆ ಒಂದು ಸಲ ಏನಾಯಿತು ಎಂಬುದೇ ಈ ಕತೆ.

ತಾಯಿ ತೀರಿಕೊಂಡಾಗ ಬಚ್ಚ ಇನ್ನೂ ಅಂಬೆಗಾಲಿಡುತ್ತಿದ್ದ. ಸೀತುವಿಗೆ ಸೀರೆ ಉಡುವ ವಯಸ್ಸೂ ಆಗಿರಲಿಲ್ಲ. ತಂದೆ ತನ್ನ ತಾಯಿಮನೆಗೆ ಹೊರಟುಹೋದ. ಅಳಿಯಸಂತಾನದ ಕಟ್ಟಿನಲ್ಲಿ ಅದು ಬಿಟ್ಟುಹೋದಂತೆಯೂ ಅಲ್ಲ. ಗಂಡಸು ಅವನ ತಾಯಿಮನೆಗೆ ಸೇರಿದವನು, ಮನೆ ಹೆಣ್ಣಿನದು, ಹಾಗಾಗಿ ಕಡಲಕರೆಯ ಆ ತೆಂಗಿನ ಮಡಲು ಹೊದಿಸಿದ ಮನೆಯೂ ಅದರೊಳಗಿನ ಕೂಸೂ ಸೀತುವಿನ ಪಾಲಿಗೆ ಬಂದವು. ಅವಳು ಸೊಂಟದಲ್ಲಿ ತಮ್ಮನನ್ನು ಇಟ್ಟುಕೊಂಡು, ತಲೆಯ ಮೇಲೆ ತಾಯಿಯ ಬುಟ್ಟಿ ಹೊತ್ತುಕೊಂಡು ಗುಲ್ವಾಡಿಯ ಕಡೆಗೆ ವ್ಯಾಪಾರಕ್ಕೆ ಹೊರಟಳು. ದೋಣಿಯಲ್ಲಿ ಹೊಳೆ ದಾಟುವಾಗ ಬಚ್ಚ ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ. ದೋಣಿಯವನು ಮಾತಾಡಿದರೆ ಸೀತು ಕಣ್ಣಲ್ಲೇ ಗದರಿಸುತ್ತಿದ್ದಳು.

ಮುಂದೆ ಅವಳಿಗೆ ಐತ ಎಂಬವನೊಡನೆ ಮದುವೆಯೂ ಆಯಿತು. ಐತ ಬೊಂಬಾಯಿಗೆ ಹೋದ. ಮೊದಮೊದಲು ಹೋಗಿಬರುವವರ ಬಾಯಲ್ಲಿ ಸುದ್ದಿ ಬರುತ್ತಿತ್ತು, ಆಮೇಲೆ ಅದೂ ನಿಂತಿತು. "ಬೊಂಬಾಯಿ ಸಮುದ್ರ ದೊಡ್ಡದ್, ಅದ್ರಾಗೆ ಒಬ್ಬ ಐತ ಎಲ್ ಕಾಣತ್?" ಎಂದು ಸೀತು ಪೇಟೆಯಲ್ಲಿ ತಾನೇ ನಗೆಯಾಡಿ ಉಳಿದವರ ನಗೆಗೆ ಜಾಗ ಇಲ್ಲದಂತೆ ಮಾಡಿದಳು. ಮಕ್ಕಳಿಲ್ಲದ ಅವಳಿಗೆ ಮಗನೂ ಬಚ್ಚನೇ, ಮನೆಯ ಗಂಡುದಿಕ್ಕೂ ಬಚ್ಚನೇ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಬಚ್ಚ ಹೊಳೆಬದಿಯ ಹಂಚಿನ ಕಾರ್ಖಾನೆಗೆ ಸೇರಿದ. ಕಡಲಿಗೆ ಹೋಗಬೇಕಾದವನು ಆವೆಮಣ್ಣಿಗೆ ಹೋದನಲ್ಲ ಎಂದು ಕೇರಿಯವರು ಆಡಿಕೊಂಡರು. ಸೀತುವಿಗೆ ಮಾತ್ರ ಸಮಾಧಾನವೇ ಆಯಿತು. ಮಣ್ಣು ಯಾರನ್ನೂ ಮುಳುಗಿಸುವುದಿಲ್ಲ ಎಂದುಕೊಂಡಳು. ಬಚ್ಚ ಅಕ್ಕನ ತದ್ವಿರುದ್ಧ. ಸಪೂರ ಆಳು, ಮಾತು ಕಡಿಮೆ, ಬಡಿಸಿದ್ದನ್ನು ಉಂಡು ಏಳುವವನು. ಅಂಥವನು ಕಾರ್ಖಾನೆಯಲ್ಲಿ ಮಾತಾಡಿದ ಎಂದು ಕೇಳಿದಾಗ ಸೀತು ನಂಬಲೇ ಇಲ್ಲ. ಮಣ್ಣು ಹೊರುವ ಹೆಂಗಸೊಬ್ಬಳು ನಡುವೆ ಕೂಸಿಗೆ ಹಾಲು ಕೊಡಲು ಕೂತಳೆಂದು ಮೇಸ್ತ್ರಿ ಅವಳ ಅರ್ಧ ದಿನದ ಕೂಲಿ ಹಿಡಿದಿದ್ದ. ಬಚ್ಚ ಕೈಯಲ್ಲಿದ್ದ ಹಂಚನ್ನು ಕೆಳಗಿಟ್ಟು, "ನಿಮ್ ಅಬ್ಬಿ ನಿಮ್ಗ್ ಹಾಲ್ ಕೊಟ್ಟ್ ದಿನ ಎಷ್ಟ್ ಹಿಡ್ದಿದ್ರ್ ಮೇಸ್ತ್ರಿ?" ಎಂದು ಕೇಳಿದನಂತೆ. ಅಲ್ಲಿಂದ ಸಂಘ, ಕೆಂಪು ಬಾವುಟ, ಮುಷ್ಕರ. ಕೊನೆಗೆ ಹಾಲು ಕೊಡುವ ಹೊತ್ತಿಗೆ ಕೂಲಿ ಹಿಡಿಯುವುದಿಲ್ಲ ಎಂದು ಕಾರ್ಖಾನೆಯವರು ಒಪ್ಪಿದರು. ಮಣ್ಣು ಹೊರುವ ಹೆಂಗಸರು ಅಂದಿನಿಂದ ಸೀತುವಿನ ಮೀನಿಗೆ ಚೌಕಾಶಿ ಮಾಡುವುದನ್ನೇ ಬಿಟ್ಟರು. ಅವಳಿಗೆ ಅದರಿಂದ ತುಸು ಬೇಸರವೂ ಆಯಿತು, ಏಕೆಂದರೆ ಚೌಕಾಶಿಯಿಲ್ಲದ ವ್ಯಾಪಾರ ಅವಳಿಗೆ ಉಪ್ಪಿಲ್ಲದ ಗಂಜಿ.

೧೯೬೪ರ ಡಿಸೆಂಬರಿನ ಕೊನೆಗೆ, ಸೀತು ಕಡಲಕರೆಯಲ್ಲಿ ಮೀನು ಕೊಳ್ಳುತ್ತಿದ್ದ ಹೊತ್ತಿನಲ್ಲಿ, ಪೊಲೀಸರು ಬಂದು ಬಚ್ಚನನ್ನು ಕರೆದುಕೊಂಡು ಹೋದರು. ಅವಳು ಓಡಿಬಂದಾಗ ಅವನ ಗಂಜಿಯ ಬಟ್ಟಲು ಅರ್ಧ ಉಳಿದಿತ್ತು. ಸಂಘದ ಕಾರ್ಯದರ್ಶಿ ಗುಣಪಾಲನನ್ನೂ ಇನ್ನಿಬ್ಬರನ್ನೂ ಅದೇ ದಿನ ಹಿಡಿದಿದ್ದರು. ಕೇಸಿಲ್ಲ, ಕೋರ್ಟಿಲ್ಲ, ಇಂಥದು ಮಾಡಿದ ಎಂಬ ಒಂದು ಮಾತೂ ಇಲ್ಲ. ಚೀನಾ ಯುದ್ಧದ ಕಾಲದಲ್ಲಿ ತಂದ ದೇಶರಕ್ಷಣೆಯ ಕಾನೂನು, ಅದರಲ್ಲಿ ಯಾಕೆ ಎಂದು ಹೇಳಬೇಕಾಗಿಲ್ಲವಂತೆ. ನಾಲ್ವರನ್ನೂ ಘಟ್ಟ ಹತ್ತಿಸಿ ಮೇಲಿನ ಒಂದು ದೊಡ್ಡ ಜೈಲಿಗೆ ಹಾಕಿದರು.

ಕರೆಯಲ್ಲಿ ಯಾವನೋ ಒಬ್ಬ, "ನಿನ್ ತಮ್ಮ ಚೀನಾದವ್ರ್ ಕಡಿ ಅಂಬ್ರಲೆ ಸೀತು" ಎಂದ. ಸೀತು ಬುಟ್ಟಿ ಕೆಳಗಿಟ್ಟಳು. "ಚೀನಾ ಎಲ್ಲಿತ್ ಮಾರಾಯ? ಬೈಂದೂರಿಂದ್ ಆಚಿಗಾ, ಈಚಿಗಾ? ನನ್ ತಮ್ಮ ಬೈಂದೂರ್ ದಾಟಿ ಹೋದವ್ನೇ ಅಲ್ಲ. ಬಸ್ಸಿನಂಗೆ ಕೂಕಂಡ್ರೆ ಅವ್ನಿಗ್ ತಲಿ ತಿರ್ಗತ್." ನಿಂತವರೆಲ್ಲ ನಕ್ಕರು. ಮನೆಗೆ ಬಂದು ಅವಳು ಆ ಅರ್ಧ ಬಟ್ಟಲು ತೊಳೆಯಲಾರದೆ ಮೂಲೆಯಲ್ಲಿ ಮುಚ್ಚಿಟ್ಟಳು, ಹುಳಿ ವಾಸನೆ ಬಂದ ಮೇಲಷ್ಟೇ ಅಳುತ್ತ ತೊಳೆದಳು.

ಕುಂದಾಪುರದಲ್ಲಿ ಉಮಾನಾಥ ಶೆಟ್ಟರೆಂಬ ವಕೀಲರಿದ್ದರು. ಹಂಚಿನ ಕೆಲಸದವರ ಕೇಸುಗಳನ್ನು ನಡೆಸುತ್ತಿದ್ದವರು ಅವರೇ. ಸೀತು ಅವರ ಜಗಲಿಯಲ್ಲಿ ಹೋಗಿ ಕೂತಳು. "ಕೋರ್ಟಿಗ್ ಹೋಪುಕೆ ಈ ಕಾನೂನ್ ಬಿಡುದಿಲ್ಲೆ ಸೀತು," ಎಂದರು ಶೆಟ್ಟರು. "ಊರ್ ಮಾತಾಡ್ಕ್. ಬಚ್ಚ ಎಂತ ಮಾಡಿದ, ಹೇಳಿ. ಇಲ್ದಿರೆ ಬಿಡಿ ಅಂದೇಳಿ ಜನ ಕೇಂಬುಕೆ ಸುರು ಮಾಡ್ಕ್. ಇಷ್ಟೇ ಮಾತ್. ಇದ್ಕ್ ಹೆಚ್ಚ್ ಬೇಡ, ಕಡ್ಮೆ ಬೇಡ."

ಊರನ್ನು ಮಾತಾಡಿಸುವ ಕೆಲಸವನ್ನು ಸೀತುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೀನಿನ ಬುಟ್ಟಿ ಹೊತ್ತವಳಿಗೆ ಯಾವ ಮನೆಯ ಹಿತ್ತಲ ಬಾಗಿಲೂ ತೆರೆದೇ ಇರುತ್ತದೆ. ಶೆಟ್ಟರು ಬರೆದುಕೊಟ್ಟ ಮನವಿಯನ್ನು ಮೇಣಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಟದಿಂದ ಗುಲ್ವಾಡಿಯವರೆಗೆ ಅವಳು ತಿರುಗಿದಳು. ಜೊತೆಗೆ ನಾಗು, ಪದ್ದು, ಕೇರಿಯ ಉಳಿದ ಹೆಂಗಸರು. ಮೀನು ಎಣಿಸಿ ಹಾಕುವಾಗಲೇ ಮಾತು ಶುರುವಾಗುತ್ತಿತ್ತು. ಹೆಬ್ಬೆಟ್ಟು ಒತ್ತಿದವರಿಗೆ ಒಂದು ಮೀನು ಹೆಚ್ಚಿಗೆ ಕೊಡುತ್ತಾಳೆ ಎಂದು ಕೆಲವರು ಗುಲ್ಲೆಬ್ಬಿಸಿದರು. ಅದು ಸುಳ್ಳೂ ಅಲ್ಲ.

ಗುಲ್ವಾಡಿಯಲ್ಲಿ ಕುಸುಮಾವತಿ ಎಂಬ ಜಮೀನಿನ ಒಡತಿ ಇದ್ದಳು, ಬಂಟರ ದೊಡ್ಡ ಮನೆ. "ನಿನ್ ತಮ್ಮ ಎಂತ ಮಾಡಿದ ಸೀತು?" ಎಂದು ಕೇಳಿದಳು.

"ಎಂತ ಮಾಡಿದ ಅಂದೇಳಿ ಅವ್ರ್ ಹೇಳ್ರೆ ನಾನೇ ಅವ್ನ್ ಕೆನ್ನಿಗ್ ಎರಡ್ ಹಾಕ್ತಿದ್ದೆ ಅಮ್ಮ. ಹೇಳುದೇ ಇಲ್ಲೆ."

ಕುಸುಮಾವತಿಗೆ ಆ ಉತ್ತರ ಹಿಡಿಸಿತು. ಜಗಲಿಯಿಂದ ಅವಳ ಗಂಡ, ಇದೆಲ್ಲ ನಮಗೆ ಯಾಕೆ, ಸರಕಾರದ ಉಸಾಬರಿ ಎಂದು ಗೊಣಗಿದ. "ಮನಿ ನನ್ ಅಬ್ಬಿದ್, ಹೆಸ್ರ್ ನನ್ ಅಬ್ಬಿ ಇಟ್ಟದ್," ಎಂದು ಅವಳು ಒಳಗಿಂದಲೇ ಹೇಳಿ, ಚೆಂದದ ಅಕ್ಷರದಲ್ಲಿ ರುಜು ಹಾಕಿದಳು. ಆ ರುಜುವನ್ನು ನೋಡಿ ಗುಲ್ವಾಡಿಯ ಅರ್ಧ ಊರು ಹಿಂದೆ ಬಂತು.

ಜೈಲಿಗೆ ಒಂದು ಸಲ ಹೋಗಿ ನೋಡಲು ಅಪ್ಪಣೆ ಸಿಕ್ಕಿತು. ಸೀತು ಘಟ್ಟ ಹತ್ತಿದ್ದು ಅದೇ ಮೊದಲು. ಹುರಿದ ಒಣಮೀನು ಕಟ್ಟಿಕೊಂಡು ಹೋಗಿದ್ದಳು, ಬಾಗಿಲಲ್ಲೇ ಕಿತ್ತುಕೊಂಡರು. ಸರಳಿನ ಆಚೆ ಬಚ್ಚ ಇನ್ನಷ್ಟು ಸಪೂರವಾಗಿದ್ದ. ಆದರೆ ಕಣ್ಣಲ್ಲಿ ಒಂದು ಬೆಳಕಿತ್ತು. ಒಳಗೆ ಗುಣಪಾಲ ಅವನಿಗೆ ಪತ್ರಿಕೆ ಓದುವುದನ್ನು ಸರಿಯಾಗಿ ಕಲಿಸುತ್ತಿದ್ದನಂತೆ.

"ಅಕ್ಕ, ಅವ್ರ್ ಒಂದ್ ಮುಚ್ಚಳಿಕೆ ಬರ್ದ್ ಇಟ್ಕಂಡಿರ್," ಎಂದ ಬಚ್ಚ. "ತಪ್ ಮಾಡ್ದೆ, ಇನ್ ಸಂಘಕ್ ಹೋತಿಲ್ಲೆ ಅಂದೇಳಿ ರುಜು ಹಾಕ್ರೆ ನಾಳೆಯೇ ಬಿಡ್ತ್ರಂಬ್ರ್."

"ನೀ ಎಂತ ಹೇಳ್ದೆ?"

"ಹಾಕುದಿಲ್ಲೆ ಅಂದೆ. ನಾಲ್ಕ್ ಜನವೂ ಹಾಕುದಿಲ್ಲೆ ಅಂದ್ರ್. ಮಾಡ್ದೇ ಇದ್ದ್ ತಪ್ಪಿಗ್ ರುಜು ಹಾಕಿ ಬಂದ್ರೆ ಆ ಮಣ್ ಹೊರು ಹೆಂಗ್ಸ್ರ್ ಎದ್ರ್ ನಾ ಹ್ಯಾಂಗ್ ನಿಲ್ಲುದ್?" ಸರಳಿನ ಹತ್ತಿರಕ್ಕೆ ಬಂದು, "ನೀನೂ ನನ್ ಸಲುವಾಯ್ ಯಾರ್ ಕಾಲಿಗೂ ಬೀಳ್ಬೇಡ ಅಕ್ಕ. ನೆಟ್ಟಗ್ ನಿಂತ್ಕಂಡ್ ಕೇಳ್," ಎಂದ.

"ಸೀತು ಯಾರ್ ಕಾಲಿಗ್ ಬಿದ್ದದ್ ನೀ ಕಂಡಿದ್ಯಾ?" ಎಂದು ಅವಳು ಗದರಿಸಿದಳು. ಅವನು ನಕ್ಕ. ಆ ನಗು ಅವಳಿಗೆ ಬದುಕಿಡೀ ನೆನಪಿನಲ್ಲಿ ಉಳಿಯಿತು, ಏಕೆಂದರೆ ಬಚ್ಚ ಹಾಗೆ ನಕ್ಕದ್ದು ಅದೇ ಕೊನೆ.

ಮುಂದಿನ ಬೇಸಗೆಯಲ್ಲಿ ಮಂಗಳೂರಿನಿಂದ ಹೇಳಿಕೆ ಬಂತು. ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ಮನವಿ ಕೊಟ್ಟವರನ್ನು ಕಾಣುತ್ತಾರೆ, ನಾಳೆಯೇ ಬರಬೇಕು. ಉಮಾನಾಥ ಶೆಟ್ಟರಿಗೆ ಮರುದಿನ ಬಿಡಲಾಗದ ಕೇಸು. "ನೀವ್ ಹೋಯ್ನಿ. ಹೇಳ್ಕಾದ್ ಗೊತ್ತಿತಲೆ? ಎಂತ ಮಾಡಿದ ಹೇಳಿ, ಇಲ್ದಿರೆ ಬಿಡಿ. ಅಷ್ಟೇ," ಎಂದು ಮತ್ತೆ ಮತ್ತೆ ಹೇಳಿ ಕಳಿಸಿದರು. ಸೀತು, ನಾಗು, ಪದ್ದು, ಕೇರಿಯ ಹತ್ತಾರು ಹೆಂಗಸರು ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವೆಯ ದಿಬ್ಬಣದ ಹಾಗೆ ಬಸ್ಸು ಹತ್ತಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕರೆಯ ಜನ ದೊಡ್ಡವರ ಎದುರು ಬಾಯಿ ತೆರೆಯುವುದಕ್ಕೆ ಒಂದು ಕ್ರಮವಿದೆ. ಬಲೆಗೆ ಮೀನು ಬೀಳದಿದ್ದರೆ, ಮಗುವಿನ ಜ್ವರ ಬಿಡದಿದ್ದರೆ ಕಡಲ ದೈವ ಬೊಬ್ಬರ್ಯನ ಗುಡಿಗೆ ಹೋಗುತ್ತಾರೆ. ದರ್ಶನದ ಹೊತ್ತಿನಲ್ಲಿ ದೈವ ಮೈಮೇಲೆ ಬಂದ ಪಾತ್ರಿಯ ಎದುರು ಕೈಮುಗಿದು ಹೇಳುವ ಮೊದಲ ಮಾತೇ ತಪ್ಪಾಯ್ತು ಎಂಬುದು. ಏನು ತಪ್ಪು ಎಂದು ದೈವ ಕೇಳುವುದಿಲ್ಲ, ಹೇಳುವವರಿಗೂ ಗೊತ್ತಿರುವುದಿಲ್ಲ. ತಪ್ಪು ಮಾಡಿರಲೇಬೇಕೆಂದೇನೂ ಇಲ್ಲ. ಅದು ಕಾಲು ತೊಳೆದು ಒಳಗೆ ಬಂದ ಹಾಗೆ. ಆಯ್ತು, ಹೊಟ್ಟೆಗೆ ಹಾಕಿಕೊಂಡೆ ಎನ್ನುತ್ತದೆ ದೈವ. ಆಮೇಲೆ ನಿಜವಾದ ಮಾತು ಶುರು. ಆಗ ಬೇಕಾದರೆ ದೈವದೊಡನೆ ಜಗಳವನ್ನೂ ಆಡಬಹುದು. ಸೀತು ಒಂದು ವರ್ಷ, "ಹೋದ್ ಸಲ ಕೊಡ್ತೆ ಅಂದ್ಯಲೆ, ಎಲ್ಲಿತ್?" ಎಂದು ಬೊಬ್ಬರ್ಯನನ್ನೇ ತರಾಟೆಗೆ ತೆಗೆದುಕೊಂಡಿದ್ದಳು. ಆದರೆ ಆವತ್ತೂ ಮೊದಲ ಮಾತು ತಪ್ಪಾಯ್ತು ಎಂದೇ ಇತ್ತು.

ಮಂಗಳೂರಿನ ಆ ಕೋಣೆ ದೊಡ್ಡದು, ಮೇಲೆ ಫ್ಯಾನು, ಗೋಡೆಯಲ್ಲಿ ಪಟಗಳು. ಅಧಿಕಾರಿ ಗದರುವವನಾಗಿದ್ದರೆ ಸೀತುವಿನ ನಾಲಿಗೆ ತಾನಾಗಿ ಮಸೆದುಕೊಳ್ಳುತ್ತಿತ್ತು. ಆದರೆ ಅವರು ಎದ್ದು ನಿಂತರು, ಕುಳಿತುಕೊಳ್ಳಿ ಅಮ್ಮ ಎಂದರು. ಇಷ್ಟು ದೊಡ್ಡವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕಂಡದ್ದೇ ಇಲ್ಲ. ಅವಳು ಕಾಲಿಗೆ ಬೀಳಲಿಲ್ಲ. ತಮ್ಮನ ಮಾತು ನೆನಪಿತ್ತು, ನೆಟ್ಟಗೇ ನಿಂತಿದ್ದಳು. ಕೈಮುಗಿದು, ಹೇಗೆ ಶುರು ಮಾಡಬೇಕೋ ಹಾಗೆ ಶುರು ಮಾಡಿದಳು.

"ತಪ್ಪಾಯ್ತ್ ಒಡೆಯಾ. ಹುಡ್ಗ ಗೊತ್ತಿಲ್ದೇ ಎಂತಾರೂ ಮಾಡಿರೆ ಹೊಟ್ಟಿಗ್ ಹಾಯ್ಕಣ್ಕ್."

"ತಪ್ಪಾಯ್ತ್ ಒಡೆಯಾ," ಎಂದರು ಹಿಂದೆ ನಿಂತ ಹೆಂಗಸರೆಲ್ಲ ಒಂದೇ ದನಿಯಲ್ಲಿ.

ಅಧಿಕಾರಿ ಪಕ್ಕದಲ್ಲಿದ್ದ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಬರೆದ. ಬರೆದು ಗಟ್ಟಿಯಾಗಿ ಓದಿದ: "ನನ್ನ ತಮ್ಮನು ತಿಳುವಳಿಕೆ ಸಾಲದೆ ತಪ್ಪು ಮಾಡಿರುತ್ತಾನೆಂದು ಒಪ್ಪಿ, ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಊರವರ ಸಮಕ್ಷಮ ಕ್ಷಮೆ ಬೇಡುತ್ತೇನೆ. ಸರಿಯೇನಮ್ಮ?"

"ಹೌದ್, ಹಾಂಗೇ," ಎಂದಳು ಸೀತು. ಇನ್ನು ದೊಡ್ಡವರು ಆಯ್ತು ಎನ್ನುತ್ತಾರೆ, ಆಮೇಲೆ ತಾನು ಕೇಳಬೇಕಾದ್ದು ಕೇಳುತ್ತೇನೆ ಎಂದುಕೊಂಡು ಹೆಬ್ಬೆಟ್ಟು ಒತ್ತಿದಳು. ಉಳಿದವರೂ ಒತ್ತಿದರು.

"ಆಯ್ತಮ್ಮ. ನಾವು ನೋಡುತ್ತೇವೆ. ನೀವು ಹೋಗಿಬನ್ನಿ," ಎಂದರು ಅಧಿಕಾರಿ.

"ಒಡೆಯಾ, ಇನ್ನೊಂದ್ ಮಾತಿತ್..." ಎಂದು ಸೀತು ಶುರು ಮಾಡುವಷ್ಟರಲ್ಲಿ ಜವಾನ ಬಾಗಿಲು ತೆರೆದಿದ್ದ, ಹೊರಗೆ ಕಾಯುತ್ತಿದ್ದ ಬೇರೆ ಯಾರೋ ಒಳಗೆ ಬಂದಾಗಿತ್ತು. ಆದರೂ ಅವಳಿಗೆ ಬೇಸರವಾಗಲಿಲ್ಲ. ದೊಡ್ಡವರು ಆಯ್ತು ಎಂದಿದ್ದರು. ಬಸ್ಸಿನಲ್ಲಿ ಹೆಂಗಸರು ದಾರಿಯಿಡೀ ಹಾಡಿಕೊಂಡು ಬಂದರು.

ಆ ಸಂಜೆ ಅವಳು ಶೆಟ್ಟರ ಜಗಲಿಯಲ್ಲಿ ಕೂತು ನಡೆದದ್ದನ್ನೆಲ್ಲ ಸಡಗರದಿಂದ ಹೇಳಿದಳು. ಶೆಟ್ಟರ ಮುಖ ಕಪ್ಪಿಟ್ಟಿತು. "ಅಯ್ಯೋ ಸೀತು," ಎಂದರು, "ಅವ್ರಿಗ್ ಬೇಕಾದ್ದ್ ಅದೊಂದೇ ಮಾತ್. ಅದನ್ನೇ ಕೊಟ್ಟ್ ಬಂದ್ಯಲೆ. ತಮ್ಮ ತಪ್ ಮಾಡ್ದ ಅಂದೇಳಿ ನೀನೇ ಒಪ್ಕಂಡ್ ಬಂದೆ."

"ನಾನೆಂತ ಒಪ್ಕಂಡೆ? ಹಾಂಗ್ ಹೇಳುದಲ್ದಾ ಎಲ್ಲರೂ? ನೀವೂ ಹೇಳುದಿಲ್ಯಾ ಬೊಬ್ಬರ್ಯನ್ ಎದ್ರ್?"

ಶೆಟ್ಟರು ತಲೆ ತಗ್ಗಿಸಿದರು. "ಹೇಳ್ತೆ," ಎಂದರು. "ಅಲ್ ಬರ್ಕಂಬುಕೆ ಗುಮಾಸ್ತ ಇಪ್ಪುದಿಲ್ಲೆ."

ಆಗ ಸೀತುವಿಗೆ ಅರ್ಥವಾಯಿತು. ಸರಳಿನ ಆಚೆ ನಿಂತು ತಮ್ಮ ಯಾವ ಮಾತನ್ನು ತಾನು ಆಡುವುದಿಲ್ಲ ಎಂದಿದ್ದನೋ ಅದೇ ಮಾತನ್ನು ತಾನು ಅವನ ಪರವಾಗಿ ಆಡಿ, ಊರನ್ನೂ ಆಡಿಸಿ, ಹಾಡು ಹೇಳಿಕೊಂಡು ಮನೆಗೆ ಬಂದಿದ್ದಳು. ಶೆಟ್ಟರು ಅಂದೇ ಹೇಳಿಕೆ ಹಿಂತೆಗೆದುಕೊಳ್ಳುವ ಕಾಗದ ಬರೆದರು. ಆ ಕಾಗದ ಯಾವ ಮೇಜಿನ ಮೇಲೆ ಮಲಗಿತೋ ಯಾರಿಗೂ ಗೊತ್ತಾಗಲಿಲ್ಲ.

ಸೀತು ಅದಕ್ಕೆ ಕಾಯಲಿಲ್ಲ. ಮರುದಿನವೇ ಒಬ್ಬಳೇ ಘಟ್ಟ ಹತ್ತಿದಳು. ತಾನು ಹೆಬ್ಬೆಟ್ಟು ಒತ್ತಿದ ಕಾಗದ ಬಚ್ಚನ ಕೈ ಸೇರುವ ಮೊದಲು ತಾನು ಸೇರಬೇಕು, ಇಷ್ಟೇ ಅವಳ ತಲೆಯಲ್ಲಿದ್ದದ್ದು. ಜೈಲಿನ ಬಾಗಿಲಲ್ಲಿ ಬಿಡಲಿಲ್ಲ. ಅಪ್ಪಣೆ ಇಲ್ಲದೆ ಭೇಟಿ ಇಲ್ಲವಂತೆ. ಬೇಡಿದಳು, ಬೈದಳು, ಕೊನೆಗೆ ಯಾವ ಮನುಷ್ಯನ ಕಾಲಿಗೂ ಬೀಳದ ಸೀತು ಆ ಪಹರೆಯವನ ಕಾಲಿಗೂ ಬಿದ್ದಳು. ಅವನು ಪಾಪದವನು, ಹಿಂದೆ ಸರಿದು, ಹೋಗಮ್ಮ ಎಂದ, ಅಷ್ಟೇ. ಆಗ ಅವಳು ಗೋಡೆಯ ಬದಿಗೆ ಹೋಗಿ ನಿಂತಳು. ಕುಂದಾಪುರದ ಪೇಟೆಯನ್ನು ಎಬ್ಬಿಸುವ ದನಿ ಅದು. "ಬಚ್ಚಾ, ನೀ ತಪ್ ಮಾಡಿಲ್ಲೆ! ಅಕ್ಕ ಹಾಂಗ್ ಹೇಳಿಲ್ಲೆ! ರುಜು ಹಾಕ್ಬೇಡ ಬಚ್ಚಾ!" ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅವಳ ಭಾಷೆ ಆ ಊರಿನವರಿಗೆ ಪೂರ್ತಿ ತಿಳಿಯಲೂ ಇಲ್ಲ. ಗಂಟಲು ಕಟ್ಟುವ ತನಕ ಕೂಗಿ, ಆಮೇಲೆ ಬಸ್ ನಿಲ್ದಾಣಕ್ಕೆ ಹೋದಳು.

ಮಳೆಗಾಲ ಹಿಡಿ‌ಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಚ್ಚ ಬಂದ. ಒಬ್ಬನೇ ಬಂದ. ಕೇರಿಯವರು ಓಡಿಬಂದು ಸುತ್ತುಗಟ್ಟಿದರು. ಮಂಗಳೂರಿನ ಒಡೆಯರು ಮಾತು ಉಳಿಸಿಕೊಂಡರು ಎಂದು ನಾಗು ಬೊಬ್ಬರ್ಯನಿಗೆ ಕಾಯಿ ಒಡೆಯಲು ಹೋದಳು. ಬಚ್ಚ ಯಾರ ಮುಖವನ್ನೂ ನೋಡದೆ ಒಳಗೆ ಬಂದು ಮೂಲೆಯಲ್ಲಿ ಕೂತ. ಎಲ್ಲರೂ ಹೋದ ಮೇಲೆ ಸೀತು ಗಂಜಿ ಇಟ್ಟಳು.

"ರುಜು ಹಾಕ್ದ್ಯಾ?" ಎಂದು ಕೇಳಿದಳು.

"ಹಾಕ್ದೆ."

"ಉಳ್ದವ್ರ್?"

"ಅವ್ರ್ ಹಾಕ್ಲಿಲ್ಲೆ." ಬಚ್ಚ ಬಟ್ಟಲನ್ನು ಮುಟ್ಟದೆ ಕೂತಿದ್ದ. "ಜೈಲರು ಕಾಗ್ದ ಓದ್ ಹೇಳ್ರ್. ನಿನ್ ಹೆಬ್ಬೆಟ್ ತೋರ್ಸ್ರ್. ಹೆಬ್ಬೆಟ್ಟಂಗೆ ಎಂತ ಗೊತ್ತಾತ್ತ್ ಅಂದೆ. ಆದ್ರೆ ಆ ಮಾತ್ ನಿಂದೇ ಅಂದೇಳಿ ಗೊತ್ತಾಯ್ತ್. ಹೊಟ್ಟಿಗ್ ಹಾಯ್ಕಣ್ಕ್ ಅಂದೇಳಿ ಬೇರೆ ಯಾರ್ ಹೇಳ್ತ್ರ್?"

"ಅದ್ ಬೊಬ್ಬರ್ಯನ್ ಎದ್ರ್ ಹೇಳ್ದಾಂಗ್ ಹೇಳ್ದದ್ ಬಚ್ಚ. ತಪ್ ಅಂದೇಳಿ ಅಲ್ಲ. ನಾ ಗೋಡಿ ಹೊರ್ಗ್ ನಿಂತ್ಕಂಡ್ ಕೂಗ್ದೆ. ಕೇಳ್ಲಿಲ್ಯಾ?"

"ಇಲ್ಲೆ ಅಕ್ಕ," ಎಂದ ಬಚ್ಚ. "ನೀನೇ ತಪ್ಪಾಯ್ತ್ ಅಂದ್ಮೇಲೆ ನಾ ಯಾರ್ ಎದ್ರ್ ನೆಟ್ಟಗ್ ನಿಲ್ಲುದ್ ಅಂದೇಳಿ ಕಂಡ್ತ್. ಹಾಕ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೀತು ಬದುಕಿಕೊಳ್ಳುತ್ತಿದ್ದಳು.

ಕಾರ್ಖಾನೆಯವರು ಅವನನ್ನು ಕರೆಸಿ ಕೆಲಸ ಕೊಟ್ಟರು, ಹಿಂದಿಗಿಂತ ಮೇಲಿನ ಕೆಲಸ. ಅದೂ ಒಂದು ಶಿಕ್ಷೆಯೇ. ಬಚ್ಚ ಬಂದರೆ ಮಣ್ಣು ಹೊರುವ ಹೆಂಗಸರು ಮಾತು ನಿಲ್ಲಿಸಿ ಬುಟ್ಟಿ ಎತ್ತುತ್ತಿದ್ದರು. ಯಾರೂ ಬೈಯಲಿಲ್ಲ, ಉಗುಳಲಿಲ್ಲ. ಯಾವ ಹೆಂಗಸಿಗಾಗಿ ಅವನು ಮೊದಲು ಬಾಯಿ ತೆರೆದಿದ್ದನೋ ಅವಳು ಕೂಸನ್ನು ಎತ್ತಿಕೊಂಡು ಅವನಿಗೆ ಬೆನ್ನು ಹಾಕಿ ಕೂತಳಂತೆ. ನಾಚಿಕೆಯಿಂದಲೋ, ಬೇಸರದಿಂದಲೋ, ಅವನು ಕೇಳಲಿಲ್ಲ. ಅಂದೇ ಕೆಲಸ ಬಿಟ್ಟು ಬಂದ. ಆಮೇಲೆ ಕರೆಯಲ್ಲಿ ರಂಪಣಿ ಬಲೆ ಎಳೆಯುವವರ ಸಾಲಿನಲ್ಲಿ ನಿಂತು ಹಗ್ಗ ಹಿಡಿದ. ಅಲ್ಲಿ ನೂರು ಜನ ಒಟ್ಟಿಗೆ ಎಳೆಯುವಾಗ ಯಾರೂ ಯಾರ ಮುಖ ನೋಡಬೇಕಾಗಿಲ್ಲ.

ಮರುವರ್ಷ ಗುಣಪಾಲನೂ ಉಳಿದಿಬ್ಬರೂ ರುಜು ಹಾಕದೆಯೇ ಬಿಡುಗಡೆಯಾಗಿ ಬಂದರು. ಕುಂದಾಪುರದಲ್ಲಿ ಮೆರವಣಿಗೆ, ಹಾರ, ಜಯಕಾರ. ಸೀತು ಬುಟ್ಟಿ ಇಟ್ಟು, ಜನರ ನಡುವೆ ನುಗ್ಗಿ ಗುಣಪಾಲನ ತೋಳು ಹಿಡಿದಳು. "ಬಚ್ಚಂದ್ ಎಂತ ಇಲ್ಲೆ. ಬಾಯಿ ಸೋತದ್ ನಂದ್. ನನ್ ಬೈನಿ," ಎಂದಳು. ಗುಣಪಾಲ ಒಳ್ಳೆಯ ಮನುಷ್ಯ, ಹಾರವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಅವಳ ಹಿಂದೆ ಮನೆಗೆ ಬಂದ. ಅವರ ದನಿ ಕೇಳುತ್ತಲೇ ಬಚ್ಚ ಹಿತ್ತಲ ಬಾಗಿಲಿಂದ ಕಡಲ ಕಡೆಗೆ ಹೊರಟುಹೋದ. ಗುಣಪಾಲ ಕತ್ತಲಾಗುವ ತನಕ ಕೂತು, "ಅವ ಬಂದ್ರೆ ನಮ್ಗೆಂತ ಇಲ್ಲೆ ಸೀತಕ್ಕ, ಬರೂಕೆ ಹೇಳಿ," ಎಂದು ಎದ್ದ. ಮತ್ತೆ ಎರಡು ಸಲ ಬಂದ. ಎರಡು ಸಲವೂ ಹಿತ್ತಲ ಬಾಗಿಲು ತೆರೆದಿತ್ತು.

ಇಷ್ಟಾದ ಮೇಲೆ ಸೀತು ಮನೆಯಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಎಪ್ಪತ್ತರ ಸುಮಾರಿಗೆ ಗೇಣಿ ಒಕ್ಕಲುಗಳ ಗಲಾಟೆ ಎದ್ದಿತು. ಒಕ್ಕಲೆಬ್ಬಿಸಿದ ಗದ್ದೆಯಲ್ಲಿ ತಾವೇ ನೆಟ್ಟ ಪೈರು ಕೊಯ್ದರೆಂದು ಬೈಂದೂರಿನ ಕಡೆಯ ಬಡವರನ್ನು ಹಿಡಿದು ಒಳಗೆ ಹಾಕಿದರು. ಅವರ ಹೆಂಡಿರು ಅಕ್ಕತಂಗಿಯರು ಸೀತುವನ್ನು ಹುಡುಕಿಕೊಂಡು ಬಂದರು. ಅವಳು ಮತ್ತೆ ಬುಟ್ಟಿ ಹೊತ್ತು ಮನೆಮನೆ ತಿರುಗಿದಳು. ಈ ಸಲ ಗುಲ್ವಾಡಿಯ ಕುಸುಮಾವತಿಯ ಬಾಗಿಲು ತೆರೆಯಲಿಲ್ಲ. ಮಾತು ಭೂಮಿಯದಾಗಿತ್ತು, ಭೂಮಿ ಅವಳ ಅಬ್ಬಿಯದಾಗಿತ್ತು. ಸೀತು ಬೈಯದೆ ಮುಂದಿನ ಮನೆಗೆ ಹೋದಳು. ಕಚೇರಿಗೆ ಹೋಗುವ ಬಸ್ಸಿನಲ್ಲಿ ಅವಳು ಆ ಹೆಂಗಸರಿಗೆಲ್ಲ ಮಕ್ಕಳಿಗೆ ಕಲಿಸಿದ ಹಾಗೆ ಕಲಿಸಿದಳು: "ಕೈ ಮುಗಿಬೇಡಿ, ಸೀರಿ ಸೆರಗ್ ಹಿಡ್ಕಣಿ. ತಪ್ಪಾಯ್ತ್ ಅಂದೇಳಿ ಬಾಯಿಗ್ ಬಂದ್ರೂ ಕಚ್ಕಂಡ್ ನಿಲ್ಲಿ. ಎಂತ ಮಾಡಿರ್ ಹೇಳಿ, ಅಷ್ಟೇ ಕೇಣಿ." ಕಚೇರಿಯಲ್ಲಿ ಸಣ್ಣ ಪ್ರಾಯದ ಒಬ್ಬ ಅಧಿಕಾರಿ ಕುಳಿತುಕೊಳ್ಳಿ ಎಂದರೂ ಅವಳು ಕೂರಲಿಲ್ಲ. ಕೇಳಿದ್ದನ್ನೇ ಕೇಳಿದಳು, ಮಧ್ಯಾಹ್ನದವರೆಗೆ ಕೇಳಿದಳು. ಬೈಂದೂರಿನ ಆ ಗಂಡಸರು ಯಾವ ಮುಚ್ಚಳಿಕೆಯೂ ಇಲ್ಲದೆ ಬಿಡುಗಡೆಯಾದರು.

ಅದರ ಸಂತೋಷಕ್ಕೆ ಬೈಂದೂರಿನಲ್ಲಿ ಸಭೆ. ಸೀತಕ್ಕ ಬಂದು ಎರಡು ಮಾತಾಡಲೇಬೇಕು ಎಂದು ಹೇಳಿಕೆ ಬಂತು. ಹೊರಡುವ ದಿನ ಬಚ್ಚ ಜಗಲಿಯಲ್ಲಿ ಬಲೆ ಸರಿ ಮಾಡುತ್ತ ಕೂತಿದ್ದ. ತಲೆ ಎತ್ತದೆಯೇ, "ನನ್ ಹೆಸ್ರ್ ಹೇಳ್ಬೇಡ ಅಕ್ಕ," ಎಂದ.

"ಹೇಳುದಿಲ್ಲೆ," ಎಂದಳು ಸೀತು.

ಬೈಂದೂರಿನ ಸಭೆ ದೊಡ್ಡದೇ ಇತ್ತು. ಪರಿಚಯ ಮಾಡಿದ ಹುಡುಗ ಬೇರೆ ಊರಿನವನು, ಯಾರೋ ಅರ್ಧ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದ. ಸೀತಕ್ಕನ ತಮ್ಮನೂ ವಿಚಾರಣೆಯಿಲ್ಲದೆ ಜೈಲು ಕಂಡವರು, ಆ ಕತೆಯನ್ನು ಅವರ ಬಾಯಲ್ಲೇ ಕೇಳೋಣ ಎಂದ. ಸೀತು ಎದ್ದು ನಿಂತಳು. ಹೆಸರು ಹೇಳುವಂತಿಲ್ಲ, ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ. ಎಷ್ಟೋ ಹೊತ್ತು ಮೈಕಿನ ಮುಂದೆ ನಿಂತು ಕೊನೆಗೆ ಹೇಳಿದಳು:

"ನಾ ಬಿಡ್ಸ್ಕಂಡ್ ಬಪ್ಪುಕೆ ಹೋದೆ. ಅವ ಬರ್ಲಿಲ್ಲೆ."

ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮುಂದಿನ ಸಾಲಿನವರು ಎದ್ದು ನಿಂತರು, ಹಿಂದಿನವರೂ ನಿಂತರು, ಗಂಡಸರು ತಲೆಯ ಮುಂಡಾಸು ಬಿಚ್ಚಿದರು. ಪರಿಚಯದ ಹುಡುಗನ ಕಣ್ಣಲ್ಲಿ ನೀರು. "ಅಮ್ಮ, ಅವರ ಹೆಸರೇನು?" ಎಂದು ಮೆಲ್ಲಗೆ ಕೇಳಿದ. ಸೀತು ತಲೆಯಾಡಿಸಿದಳು, ಹೇಳಲಿಲ್ಲ. ದುಃಖದಲ್ಲಿ ಬಾಯಿ ಬರುತ್ತಿಲ್ಲ ಎಂದು ತಿಳಿದು ಅವನೇ ಕೈ ಎತ್ತಿ ಕೂಗಿದ: "ಜೈಲಿನಲ್ಲಿ ಮಡಿದ ಸಂಗಾತಿಗೆ ಲಾಲ್ ಸಲಾಂ!" ಸಭೆಯೆಲ್ಲ ಕೂಗಿತು. ಸೀತು ತಿದ್ದಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಅವರು ಹೇಳುತ್ತಿರುವುದರಲ್ಲಿ ಸುಳ್ಳು ಎಲ್ಲಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಸರಳಿನ ಆಚೆ ನಕ್ಕ ಆ ಹುಡುಗ ಹೊರಗೆ ಬಂದಿರಲೇ ಇಲ್ಲ. ಅವನಿಗಾಗಿ ಊರು ಎದ್ದು ನಿಂತದ್ದನ್ನು ಅವಳು ಇಂದೇ ಕಂಡಳು.

ಮನೆಗೆ ಬಂದಾಗ ಬಚ್ಚ ಇನ್ನೂ ಜಗಲಿಯಲ್ಲೇ ಇದ್ದ.

"ನನ್ ಹೆಸ್ರ್ ಹೇಳ್ಲಿಲ್ಲೆ ಅಲ್ದಾ?"

"ಇಲ್ಲೆ."

"ಒಳ್ಳೇದಾಯ್ತ್," ಎಂದು ಅವನು ಮತ್ತೆ ಬಲೆಗೆ ಕೈ ಹಾಕಿದ.

ಸೀತು ಒಳಗೆ ಹೋದಳು. ಒಲೆ ಹಚ್ಚಿ, ಗಂಜಿಗೆ ನೀರಿಟ್ಟು, ಹೊರಗೆ ಕೇಳದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಜಗಲಿಯಲ್ಲಿ ಕೂತಿದ್ದ ತಮ್ಮನಿಗಾಗಿ ಸತ್ತವರಿಗೆ ಅಳುವ ಹಾಗೆ ಅತ್ತಳು.